ಟಂಟಂ ಚಾಚಾ ಉಳಿಸಿದ ಎಣ್ಣಿ

ಸವದತ್ತಿಯ ನಮ್ಮ ಓಣಿಯಲ್ಲಿ ಟಂಟಂ ಆಟೋ ಓಡಿಸುವ ಟಂಟಂ ಚಾಚಾ ಇಳಿಜಾರು ಬಂದರೆ ಸಾಕು, ಚಾವಿ ತಿರುವಿ ಎಂಜಿನ್ ಬಂದ್ ಮಾಡುತ್ತಿದ್ದರು. "ಸುಮ್ಮನ ಯಾಕ ಎಣ್ಣಿ ಸುಡೂದ್ರಿ?" ಅನ್ನುತ್ತಿದ್ದರು.

ಕಡಿಮೆ ಎಣ್ಣೆ ಕುಡಿಯುವ ಹೊಸ ಗಾಡಿ ಬಂದ ಮೇಲೆ ಆ ಮಾತು ನಿಂತಿತು. ಎಲೆಅಡಿಕೆಗೂ ಗಾಡಿ, ಮಸೀದಿಗೂ ಗಾಡಿ. ಪೆಟ್ರೋಲ್ ಪಂಪಿಗೆ ಮೊದಲಿಗಿಂತ ಹೆಚ್ಚು ಸಲ ಹೋಗತೊಡಗಿದರು.

ಮೊನ್ನೆ ಓಣಿಯ ತುದಿಯ ಚಹಾದಂಗಡಿಗೆ ನನ್ನನ್ನೂ ಹತ್ತಿಸಿಕೊಂಡು ಹೊರಟಿದ್ದರು. ಎದುರಿಗೆ ಅವರ ಮುದಿ ತಾಯಿ, ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ನಡೆದು ಬರುತ್ತಿದ್ದರು. ನಮ್ಮಿಬ್ಬರನ್ನೂ ನೋಡಿ ನಿಂತರು.

"ಗಾಡಿ ಎಣ್ಣಿ ಉಳಸ್ತೈತಿ, ನೀವು ಕಾಲು ಉಳಸ್ತೀರಿ. ಭಾಳ ಛಲೋ ಆತು."

ಅಷ್ಟಂದು ಮುಂದೆ ನಡೆದರು.

ಚಾಚಾ ಎಂಜಿನ್ ಬಂದ್ ಮಾಡಿದರು. ಅಲ್ಲಿ ಇಳಿಜಾರು ಇರಲಿಲ್ಲ. ಕೆಳಗಿಳಿದು, ತಲೆ ತಗ್ಗಿಸಿ, ಗಾಡಿಯನ್ನು ಮನೆಯತ್ತ ನೂಕತೊಡಗಿದರು. ಒಳಗಿದ್ದ ನನಗೆ ಕೂರಲೂ ನಾಚಿಕೆ, ಇಳಿಯಲೂ ನಾಚಿಕೆ.