ಒಂದು ನಿಂತರೆ ಇನ್ನೊಂದು

ಅತ್ತೆ ಕೆಲಸ ಮಾಡುವ ಔಷಧದ ಗೋದಾಮಿನಲ್ಲಿ ಯಾವ ಡಬ್ಬಿಗೂ ಸ್ವಂತ ಜಾಗವಿಲ್ಲ. ಲಾರಿಯಿಂದ ಇಳಿದದ್ದು ಎಲ್ಲಿ ಖಾಲಿ ಕಂಡಿತೋ ಅಲ್ಲಿ ಹೋಗಿ ಕೂರುತ್ತದೆ. ಮಕ್ಕಳ ಕೆಮ್ಮಿನ ಸಿರಪ್ಪಿನ ಪಕ್ಕ ಆಪರೇಷನ್ನಿನ ಕೈಗವಸು, ಅದರ ಮೇಲೆ ಎದೆನೋವಿನ ಮಾತ್ರೆ, ಅದರಾಚೆ ಹತ್ತಿಯ ಸುರುಳಿ. ಯಾವುದು ಎಲ್ಲಿದೆಯೆಂದು ನೆನಪಿಡುವುದು ಹಿಂದಿನ ತಣ್ಣನೆಯ ಕೋಣೆಯಲ್ಲಿರುವ ಸರ್ವರ್ ಒಂದೇ. ಆಸ್ಪತ್ರೆಯಿಂದ ಬೇಡಿಕೆ ಬಂದರೆ ಅದು ಸಾಲು, ಹಲಗೆ, ಮೂಲೆ ಎಲ್ಲ ಹೇಳುತ್ತದೆ. ಕೆಲಸದ ಹುಡುಗಿಯರು ಕೈಯಲ್ಲಿ ಪುಟ್ಟ ಪರದೆ ಹಿಡಿದು, ಅದು ತೋರಿಸಿದ ಕಡೆ ನಡೆಯುತ್ತಾರೆ.

ಸರ್ವರ್ ನಿಂತುಬಿಟ್ಟರೆ ಗೋದಾಮಿನಲ್ಲಿ ಎಲ್ಲವೂ ಇರುತ್ತದೆ, ಯಾವುದೂ ಸಿಗುವುದಿಲ್ಲ. ಒಮ್ಮೆ ಅತ್ತೆಗೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ನಾನೇ ಕಂಡಿದ್ದೆ. ಹುಡುಗಿಯರು ನಿಂತಲ್ಲೇ ನಿಂತಿದ್ದರು. ಬೇರೆ ಯಾರದೋ ಕನಸಿನೊಳಗೆ ತಪ್ಪಿ ಬಂದವರಂತೆ ಎತ್ತರದ ಕಪಾಟುಗಳನ್ನು ನೋಡುತ್ತಿದ್ದರು. ಎಲ್ಲೋ ಒಂದು ಆಸ್ಪತ್ರೆ ಕಾಯುತ್ತಿತ್ತು. ಅತ್ತೆ ಬೇಸಿಗೆಯಲ್ಲೂ ಬಿಡದ ತನ್ನ ಬೂದು ಸ್ವೆಟರಿನ ತೋಳು ಮಡಚಿಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಹುಡುಗಿಯರ ಕಾಲುಗಳು ಮತ್ತೆ ನಡೆದವು.

ಆ ಮುದಿ ಸರ್ವರನ್ನು ಎಬ್ಬಿಸುವ ಕ್ರಮ ಅತ್ತೆಗಷ್ಟೇ ಒಗ್ಗಿತ್ತು. ಅದಕ್ಕೇ ಅವಳು ಊರು ಬಿಡುವಂತಿರಲಿಲ್ಲ. ಸಮುದ್ರದ ಕಡೆಯ ಊರಿನಲ್ಲಿ ಅವಳ ಅಕ್ಕ ಇದ್ದಾಳೆ, ನನ್ನ ದೊಡ್ಡತ್ತೆ. ಹೋದ ಸಲ ಅತ್ತೆ ಅವಳ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿರುವಾಗಲೇ ಗೋದಾಮಿನಿಂದ ಫೋನ್ ಬಂದಿತ್ತು. ಒಂದು ಲೋಟ ಕಾಫಿ ಕುಡಿದು ವಾಪಸ್ಸು ರೈಲು ಹತ್ತಿದ್ದಳು. ಆಮೇಲೆ ದೊಡ್ಡತ್ತೆಯ ಎರಡು ಕಣ್ಣಿಗೂ ಪೊರೆ ಬಂತು. ಮುಖಗಳೆಲ್ಲ ಮಂಜಿನ ಹಾಗೆ ಕಾಣುತ್ತವಂತೆ. ಆಪರೇಷನ್ನಿಗೆ ಮಾತ್ರ ಒಪ್ಪಳು.

"ಪಟ್ಟಿ ಬಿಚ್ಚಿದಾಗ ಮೊದಲು ನಿನ್ನ ಮುಖ ಕಾಣ್ಬೇಕು ಕಣೇ. ನೀನು ಬರೋವರೆಗೂ ನಾನು ಕಣ್ಣು ಕೊಡಲ್ಲ," ಎಂದು ಫೋನಿನಲ್ಲಿ ಹಟ ಹಿಡಿಯುತ್ತಿದ್ದಳು.

"ಡಾಕ್ಟರು ಇನ್ನು ತಡ ಮಾಡಿದ್ರೆ ಕಷ್ಟ ಅಂದಿದಾರೆ, ಅಕ್ಕ."

"ಅದನ್ನ ನಿನ್ನ ಮಿಷಿನ್‌ಗೆ ಹೇಳು."

ಹೊಸ ಸರ್ವರ್ ಕೊಳ್ಳುವ ಮಾತು ಬಂದದ್ದು ಆ ಹೊತ್ತಿಗೆ. ಅತ್ತೆ ಅಡುಗೆ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದಳು. ಸಾರಿನ ಸೌಟು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಬೆಳಿಗ್ಗೆ ಆಸ್ಪತ್ರೆ, ಔಷಧದಂಗಡಿಗಳೆಲ್ಲ ಒಟ್ಟಿಗೆ ಬೇಡಿಕೆ ಕಳಿಸುವ ಹೊತ್ತಿನ ಭಾರವನ್ನು ಅವಳು ದಿನವೂ ಗಮನಿಸುತ್ತಿದ್ದಳು. "ಆ ಭಾರ ತಡೆಯೋಂಥದ್ದು ಬೇಕು. ದಿನದ ಸರಾಸರಿ ನೋಡಿ ಕೊಂಡ್ರೆ, ಮಳೆಗೆ ಬೇಕಾದ ಕೊಡೇನ ಬಿಸಿಲಲ್ಲಿ ಅಳತೆ ಮಾಡಿದ ಹಾಗೆ," ಎಂದು ಸೌಟಿಗೆ ಹೇಳಿದಳೋ ನನಗೆ ಹೇಳಿದಳೋ ತಿಳಿಯಲಿಲ್ಲ.

ಸರ್ವರ್ ಕಂಪನಿಯವನು ಚಿತ್ರಗಳನ್ನು ಹಿಡಿದು ಬಂದ ದಿನ ಗೋದಾಮಿನ ಯಜಮಾನರ ಕಣ್ಣು ಅತಿ ದೊಡ್ಡದರ ಮೇಲೆ ಬಿತ್ತು.

"ನೋಡಮ್ಮ, ಬಟ್ಟೆ ಬೀರು ಇದ್ದ ಹಾಗಿದೆ! ಇದು ನಿಲ್ಲತ್ತಾ ಎಲ್ಲಾದ್ರೂ?"

"ನಿಲ್ಲೋದು ಕಮ್ಮಿ ಸಾರ್," ಎಂದ ಕಂಪನಿಯವನು. "ಒಳಗೆ ಡಿಸ್ಕ್ ಕೆಟ್ರೆ ನಡೀತಿರೋವಾಗ್ಲೇ ಬದಲಾಯಿಸ್ಬಹುದು. ಫ್ಯಾನೂ ಅಷ್ಟೇ."

"ಪೂರ್ತಿ ನಿಂತ್ರೆ?" ಅತ್ತೆ ಕೇಳಿದಳು.

"ನಾವು ಬರ್ತೀವಿ ಮೇಡಂ."

"ನೀವು ಬರೋವರೆಗೆ?"

ಅವನು ಒಳ್ಳೆಯ ಮನುಷ್ಯ, ನಕ್ಕುಬಿಟ್ಟ. "ಬರೋವರೆಗೆ ನೀವು ನನ್ನ ಬೈತಾ ಇರ್ಬೇಕು."

ಅತ್ತೆ ಚಿತ್ರಗಳ ನಡುವಿನಿಂದ ಮಧ್ಯಮ ಗಾತ್ರದ್ದನ್ನು ಎಳೆದು ಮುಂದಿಟ್ಟಳು. ಇಂಥವು ಎರಡು ಬೇಕು ಎಂದಳು. ಅರ್ಧರ್ಧ ಭಾರ ಹೊರುವವಲ್ಲ, ಒಂದೊಂದೂ ಒಂಟಿಯಾಗಿ ಪೂರ್ತಿ ಗೋದಾಮನ್ನು ಹೊರಬಲ್ಲಂಥವು.

"ಅಂದ್ರೆ ಒಂದು ದುಡಿಯತ್ತೆ, ಇನ್ನೊಂದು ಕೂತು ನೋಡತ್ತೆ," ಎಂದರು ಯಜಮಾನರು. "ಥೇಟ್ ನಾನೂ ನನ್ನ ತಮ್ಮನೂ."

"ಕೂತು ನೋಡಲ್ಲ ಸಾರ್, ಕೇಳಿಸ್ಕೋತಾ ಇರತ್ತೆ. ಇದು ಬರೆದಿದ್ದನ್ನೆಲ್ಲ ಅದೂ ಬರ್ಕೊಳ್ತಾ ಇರತ್ತೆ. ಇದು ಮಾತಿನ ಮಧ್ಯೆ ಸುಮ್ಮನಾದ್ರೆ, ಅದು ಅಲ್ಲಿಂದ್ಲೇ ಮುಂದುವರಿಸತ್ತೆ," ಎಂದಳು ಅತ್ತೆ.

ಯಜಮಾನರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಜ ಹೇಳು. ನಿಂಗೆ ರಜ ಬೇಕು, ಅದಕ್ಕೆ ಎರಡು ಕೇಳ್ತಿದೀಯ."

"ಹೌದು ಸಾರ್, ಅಕ್ಕನ ಹತ್ರ ಹೋಗ್ಬೇಕು. ನಾನು ಜ್ವರ ಬಂದು ಮಲಗಿದ್ರೂ ಗೋದಾಮು ನಡೀಬೇಕಲ್ಲ. ರಜಕ್ಕೂ ಜ್ವರಕ್ಕೂ ಬೇಕಾದ್ದು ಒಂದೇ."

"ಸರಿ ಹಾಗಾದ್ರೆ. ಆದರೆ ಕೆಲಸ ನಡೀತಿರೋವಾಗ ನನ್ನೆದುರು ಒಂದನ್ನ ಆಫ್ ಮಾಡಿ ತೋರಿಸ್ಬೇಕು. ಇನ್ನೊಂದು ಕೆಲಸ ಎತ್ಕೊಂಡ್ರೆ ಹೋಗಿ ಬಾ. ಇಲ್ಲಾಂದ್ರೆ ಆ ಬೀರು ತರಿಸ್ತೀನಿ, ನೀನು ಅದರ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರು."

ಎರಡು ಸರ್ವರ್ ಬಂದವು. ಕಪ್ಪು ಮೈಯ ಮೇಲೆ ಹಸಿರು ದೀಪಗಳು, ತುಂಬ ದೂರದ ಊರಿನ ಕಿಟಕಿಗಳು ಹೊತ್ತಿಕೊಂಡಂತೆ. ಅತ್ತೆ ದೀಪಗಳನ್ನು ನೋಡುತ್ತ ಮೈಮರೆಯುತ್ತಿದ್ದಳು. ಎಲೆಕ್ಟ್ರಿಷಿಯನ್ ಜೊತೆ ಕೂತು ತಂತಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಒಂದೇ ಒಂದು ಕೂದಲೂ ಹೊರಬರದ ಜಡೆಯ ಹಾಗೆ ಕಟ್ಟಿಸಿದಳು.

"ಅಕ್ಕ, ಹೂವೊಂದು ಮುಡಿಸೋದು ಬಾಕಿ," ಎಂದ ಅವನು.

"ನೀನು ಸರಿಯಾಗಿ ಹಿಡ್ಕೋ, ಮಾತು ಆಮೇಲೆ."

ಪರೀಕ್ಷೆಯ ಬೆಳಿಗ್ಗೆ ಯಜಮಾನರು ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಹೊರಗೆ ಹುಡುಗಿಯರು ಸಾಲುಗಳ ನಡುವೆ ಓಡಾಡುತ್ತಿದ್ದರು. ಅತ್ತೆ ಮೊದಲನೆಯ ಸರ್ವರಿಗೆ ಕರೆಂಟು ಕೊಡುವ ಯುಪಿಎಸ್ ಪೆಟ್ಟಿಗೆಯ ಗುಂಡಿ ಒತ್ತಿದಳು. ಮೊದಲನೆಯದರ ದೀಪಗಳು ಆರಿದವು. ಎರಡನೆಯದರವೂ ಆರಿದವು.

ಕೋಣೆಯ ಗುಂಯ್ ಸದ್ದು ನಿಂತಿತು. ಹೊರಗಿನಿಂದ ಒಬ್ಬಳು ಕೂಗಿದಳು, "ಅಕ್ಕಾ, ಗ್ಲೂಕೋಸ್ ಇದ್ದಕ್ಕಿದ್ದ ಹಾಗೆ ಎಲ್ಲಿಗೆ ಹೋಯ್ತು?"

ಎಲೆಕ್ಟ್ರಿಷಿಯನ್ ಮೊಣಕಾಲೂರಿ ಜಡೆಯ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಹೋದ. ಎರಡೂ ಸರ್ವರುಗಳ ತಂತಿಗಳು ಒಂದೇ ಪೆಟ್ಟಿಗೆಗೆ ಹೋಗಿ ಸೇರಿದ್ದವು.

"ಒಂದೇ ಹಗ್ಗ ಹಿಡಿದು ಇಬ್ಬರೂ ಬಾವಿಗೆ ಇಳಿದ ಹಾಗಾಯ್ತಲ್ಲಮ್ಮ," ಎಂದರು ಯಜಮಾನರು.

ಅತ್ತೆ ಪೆಟ್ಟಿಗೆಯನ್ನು ಮತ್ತೆ ಹೊತ್ತಿಸಿದಳು, ಸರ್ವರುಗಳು ಎದ್ದವು, ಹೊರಗೆ ಗ್ಲೂಕೋಸು ಸಿಕ್ಕಿತು. ಆಮೇಲೆ ಅವಳು ನೆಲದ ಮೇಲೆ ಕೂತುಬಿಟ್ಟಳು. "ಇವನದೇನೂ ತಪ್ಪಿಲ್ಲ ಸಾರ್. ಎರಡನೇದಕ್ಕೆ ಎದುರು ಗೋಡೆಯಿಂದ ಕರೆಂಟು ತಂದ್ರೆ ತಂತಿ ಬಾಗಿಲಿಗೆ ಅಡ್ಡ ಬರತ್ತೆ, ಚೆಂದ ಕಾಣಲ್ಲ ಅಂತ ನಾನೇ ಹೀಗೆ ಕಟ್ಟಿಸ್ದೆ." ಹೇಳುತ್ತಲೇ ಜಡೆಯ ಗಂಟು ಬಿಚ್ಚತೊಡಗಿದಳು. ಕಣ್ಣು ತುಂಬಿತ್ತೋ ಏನೋ, ಗಂಟು ಸಿಗದೆ ತಡಕಾಡುತ್ತಿದ್ದಳು.

ಯಜಮಾನರು ಬಾಗಿಲಿಂದ ಒಳಗೆ ಬಂದರು. "ಬೀರು ತಂದಿದ್ರೂ ಹೀಗೇ ಜಡೆ ಹಾಕ್ತಿದ್ದೆ ನೀನು. ಸರಿಮಾಡಿ ನನ್ನ ಕರಿ."

ಎದುರು ಗೋಡೆಗೆ ಇನ್ನೊಂದು ಯುಪಿಎಸ್ ಬಂತು. ಅಲ್ಲಿಂದ ಒಂದು ಹಳದಿ ತಂತಿ ಬಾಗಿಲ ನೆತ್ತಿಯ ಮೇಲೆ ವಕ್ರವಕ್ರವಾಗಿ ಹಾದು ಎರಡನೆಯ ಸರ್ವರಿಗೆ ಬಂತು. ನೋಡಲು ಕಣ್ಣಿಗೆ ಚುಚ್ಚುವಂತಿತ್ತು. ಈ ಸಲ ಅತ್ತೆ ಯಜಮಾನರ ಕೈಯಲ್ಲೇ ಗುಂಡಿ ಒತ್ತಿಸಿದಳು. ಮೊದಲನೆಯದು ಕಪ್ಪಾಯಿತು. ಎರಡನೆಯದು ಒಂದು ಉಸಿರು ಎಳೆದುಕೊಂಡಷ್ಟು ಹೊತ್ತು ತಡೆದು, ತನ್ನ ಪಾಡಿಗೆ ಗುನುಗುತ್ತ ಹೋಯಿತು.

ಯಜಮಾನರು ಹೊರಗೆ ತಲೆ ಹಾಕಿ ಕೂಗಿದರು, "ಏನಾದ್ರೂ ಗೊತ್ತಾಯ್ತೇನ್ರೇ?"

"ಏನು ಗೊತ್ತಾಗ್ಬೇಕು ಸಾರ್?" ಎಂದಳು ಒಬ್ಬಳು, ಹಲಗೆಯಿಂದ ಡಬ್ಬಿ ಇಳಿಸುತ್ತ.

ಅತ್ತೆಯ ಜೊತೆ ನಾನೂ ರೈಲು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಲ್ಲಿ ಬಯಲು ಹಿಂದೆ ಹಿಂದೆ ಸರಿಯುತ್ತಿತ್ತು, ನೀರಿನೊಳಗಿನ ಚಿತ್ರದ ಹಾಗೆ. ಅವಳು ಸ್ವೆಟರ್ ತಂದಿರಲಿಲ್ಲ. ಆಗಾಗ ಬರಿಯ ತೋಳುಗಳನ್ನು ಉಜ್ಜಿಕೊಳ್ಳುತ್ತಿದ್ದಳು.

ದೊಡ್ಡತ್ತೆಯ ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಲು ಒಳಗೆ ಕರೆಯುವುದನ್ನು ಕಾಯುತ್ತ ನಾವು ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದೆವು. ಅತ್ತೆಯ ಫೋನ್ ನಡುಗಿತು. ಸರ್ವರೇ ಕಳಿಸುವ ಸಂದೇಶ ಅದು: ಮೊದಲನೆಯದು ನಿಂತಿದೆ, ಎರಡನೆಯದು ಕೆಲಸ ನಡೆಸುತ್ತಿದೆ.

ಅವಳ ಇನ್ನೊಂದು ಕೈ ತನ್ನಷ್ಟಕ್ಕೆ ಚೀಲದ ಪಟ್ಟಿ ಹಿಡಿದುಕೊಂಡಿತು. ಗೋದಾಮಿನಿಂದ ಯಾರಾದರೂ ಕರೆಯಬಹುದೆಂದು ಕಾದಳು. ಯಾರೂ ಕರೆಯಲಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಅತ್ತೆಯ ಮುಖದಲ್ಲಿ ಒಂದು ಕ್ಷಣ, ಆಡುವ ಮಕ್ಕಳು ಕರೆಯದೆ ಬಿಟ್ಟವಳ ನೋವಿನಂಥದ್ದೇನೋ ಹಾದುಹೋಯಿತು. ಆಮೇಲೆ ಕಂಪನಿಯವನಿಗೆ, ಬಂದು ನೋಡಿ ಎಂದು ಎರಡು ಮಾತು ಬರೆದು ಕಳಿಸಿದಳು. ಒಳಗಿನಿಂದ ನರ್ಸ್ ಕರೆದಳು.

ಪಟ್ಟಿ ಬಿಚ್ಚಿದರು. ದೊಡ್ಡತ್ತೆ ರೆಪ್ಪೆ ಬಡಿದಳು. ಬೆಳಕಿಗೆ ಕಣ್ಣು ಒಗ್ಗುವವರೆಗೆ ಗೋಡೆ ನೋಡಿದಳು, ಕಿಟಕಿ ನೋಡಿದಳು. ಕೊನೆಗೆ ಅತ್ತೆಯ ಮುಖದ ಮೇಲೆ ಕಣ್ಣು ನಿಲ್ಲಿಸಿದಳು.

"ಅಯ್ಯೋ, ಇದೇನೇ ಇಷ್ಟು ಮುದುಕಿ ಆಗಿದೀಯ?"

"ನೀನು ನೋಡ್ದೇ ಇದ್ದಾಗ ಆಗಿದ್ದು ಕಣೇ ಅಕ್ಕ," ಎಂದಳು ಅತ್ತೆ, ಮುಖವನ್ನು ಇನ್ನಷ್ಟು ಹತ್ತಿರ ತಂದು.