ನನ್ನ ಕಡೆಗೆ ಬಂದ ಶಟಲ್

ಮುರಿದ ಬಿಳಿ ಗರಿಯೊಂದು ನನ್ನ ತೋಳಿಗೆ ಅಂಟಿಕೊಂಡಿತ್ತು. ನನ್ನ ಕಡೆಗೆ ಬಂದ ಶಟಲನ್ನು ನನ್ನ ಜೊತೆಗಾರರು ನನ್ನ ಮುಖದ ಮುಂದೆಯೇ ಬ್ಯಾಟ್ ಬೀಸಿ ಹೊಡೆದಿದ್ದರು. ಚಾಮರಾಜನಗರದ ಶಟಲ್ ಕೋರ್ಟಿನಲ್ಲಿ ಬೆಳಗಿನ ಡಬಲ್ಸ್ ಆಟ. ನನ್ನ ಜೊತೆಗಾರರು ಉಡಿಗಾಲ ಎಂಬ ಹಳ್ಳಿಯಲ್ಲಿ ಅರಿಸಿನ ಬೆಳೆಯುವವರು, ಒಳ್ಳೆಯವರೇ. ಆದರೆ ನಾನು ಆಡಲು ಸೇರಿದಾಗಿನಿಂದ ನನ್ನ ಪಾಲಿನ ಒಂದು ಹೊಡೆತವನ್ನೂ ನನಗೆ ಬಿಟ್ಟಿರಲಿಲ್ಲ.

"ಬುಡು ಕಣಮ್ಮಿ, ನಾನ್ ಒಡಿತೀನಿ. ನೀ ಸುಮ್ನೆ ನಿಂತ್ಕೊ," ಅಂದರು.

ನಾನು ಬ್ಯಾಟ್ ಇಳಿಸಿ ಕೇಳಿದೆ: "ಅಣ್ಣಾ, ಹೊಲದಲ್ಲೂ ಹೀಗೇ ಪಕ್ಕದವರ ಬದು ದಾಟಿ ಉಳ್ತೀರಾ?"

ನೆಟ್ಟಿನ ಆಚೆಗಿದ್ದ ಅವರ ಗೆಳೆಯರೊಬ್ಬರು ನಕ್ಕರು. "ಸರ್‍ಯಾಗ್ ಕೇಳ್ತು ಕಣ್ಲಾ ಉಡ್ಗಿ. ಬದು ಒತ್ಬುಟ್ಟು ನಿಂತಿದ್ದೀಯಲ್ಲ."

ನನ್ನ ಜೊತೆಗಾರರು ಕೋರ್ಟಿನ ತಮ್ಮ ಅರ್ಧಕ್ಕೆ ಸರಿದರು. ಮುಂದಿನ ಶಟಲ್ ನೇರವಾಗಿ ನನ್ನ ಕಡೆಗೆ ಬಂತು. ಅವರ ಕೈ ಅಲುಗಿತು, ಕಾಲು ಅಲುಗಲಿಲ್ಲ. ನಾನು ಹೊಡೆದೆ. ಅದು ನೆಟ್ಟಿಗೆ ಬಿತ್ತು.

ಪಾಯಿಂಟ್ ಹೋಯಿತು. ಆದರೆ ಆ ಕೋರ್ಟಿನಲ್ಲಿ ನಾನೇ ಆಡಿ ಕಳೆದುಕೊಂಡ ಮೊದಲ ಪಾಯಿಂಟ್ ಅದು, ನನಗೆ ಬೇಸರವಾಗಲಿಲ್ಲ. ಮರುದಿನ ಬೆಳಿಗ್ಗೆ ಜೋಡಿ ಆರಿಸುವಾಗ ಎಲ್ಲರಿಗಿಂತ ಮೊದಲು ನಾನೇ ಅವರನ್ನು ಕರೆದೆ.