ಕಾಯಿಲೆ ಬಾರದವರ ಪಟ್ಟಿ

ಸಿದ್ಧಕಟ್ಟೆ ಕಡೆಯ ಆಶಾ ಕಾರ್ಯಕರ್ತೆ ಕುಸುಮ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಮಾತ್ರೆ ನುಂಗಿದೆ ಎಂದವರಿಗೂ, ಖಾಲಿ ಕವರು ತೋರಿಸಿ ಎನ್ನುವಳು. ಕಳೆದ ಜುಲೈಯಲ್ಲಿ ಅವಳ ಪಾಲಿನ ಮನೆಗಳಲ್ಲಿ ಎಂಟು ಮಂದಿಗೆ ಕಾಮಾಲೆ ಬಂತು. ಒಂದೇ ದಿನದಲ್ಲಿ ಊರು ಕಾರಣವನ್ನೂ ಹುಡುಕಿತು: ರಹ್ಮತ್‌ನ ಜ್ಯೂಸ್ ಅಂಗಡಿ.

ಮಾಯಿಲಪ್ಪನ ಮಗಳೂ ಹಾಸಿಗೆ ಹಿಡಿದಿದ್ದಳು. ಅಂಗಡಿ ಮುಚ್ಚಿಸುವ ಅರ್ಜಿಗೆ ಕುಸುಮಳ ಸಹಿ ಕೇಳಲು ಅವನು ಬಂದ.

"ಎಂಟರಲ್ಲಿ ಆರು ಮಂದಿ ಅಲ್ಲಿ ಕುಡಿದವರು ಕುಸುಮಕ್ಕ. ಇನ್ನೆಂಥ ಸಾಕ್ಷಿ ಬೇಕು?"

ಅವಳಿಗೂ ಆ ಅಂಗಡಿಯ ಐಸ್ ಮೇಲೆ ಅನುಮಾನವಿತ್ತು. ಆದರೂ ಪೆನ್ನು ಎತ್ತಲಿಲ್ಲ. "ಕಾಯಿಲೆ ಬಾರದವರು ಎಷ್ಟು ಮಂದಿ ಕುಡಿದಿದ್ದಾರೆ? ಅದನ್ನು ಯಾರಾದರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಎರಡು ದಿನ ಅವಳೇ ತಿರುಗಿದಳು. ಅದೇ ಓಣಿಗಳ, ಅದೇ ವಯಸ್ಸಿನ, ಆರೋಗ್ಯವಾಗಿದ್ದ ಇಪ್ಪತ್ತು ಮಂದಿಯನ್ನು ಕಂಡಳು. ಹಿಂದಿನ ತಿಂಗಳು ಅವರಲ್ಲಿ ಹದಿನೈದು ಮಂದಿ ಅದೇ ಅಂಗಡಿಯಲ್ಲಿ ಕುಡಿದಿದ್ದರು. ಕಾಯಿಲೆಯವರಲ್ಲೂ ನಾಲ್ಕರಲ್ಲಿ ಮೂರು, ಆರೋಗ್ಯವಂತರಲ್ಲೂ ನಾಲ್ಕರಲ್ಲಿ ಮೂರು.

"ಹಾಗಾದರೆ ಅವನನ್ನು ಸುಮ್ಮನೆ ಬಿಡುವುದಾ?" ಮಾಯಿಲಪ್ಪ ಸಿಟ್ಟಾದ.

"ತಪ್ಪು ಎರಡು ಥರ ಉಂಟು ಮಾರಾಯ. ಏನೂ ಮಾಡದವನ ಅಂಗಡಿ ಮುಚ್ಚಿಸಿದರೆ ಒಂದು. ನಿಜವಾದ ಕಾರಣವನ್ನು ಗುರುತಿಸದೆ ಬಿಟ್ಟರೆ ಇನ್ನೊಂದು. ಎರಡನೆಯದರಲ್ಲಿ ಇನ್ನಷ್ಟು ಮಕ್ಕಳು ಮಲಗ್ತಾರೆ. ಅದಕ್ಕೇ ಈಗ ಎಲ್ಲರೂ ನೀರು ಕುದಿಸಿ ಕುಡಿಯುವ. ನಾನು ಇನ್ನೊಂದು ಸುತ್ತು ಕೇಳ್ತೇನೆ."

ಈ ಸಲ ಮನೆಗೆ ನೀರು ಎಲ್ಲಿಂದ ಎಂದು ಕೇಳಿದಳು. ಕಾಯಿಲೆಯ ಎಂಟರಲ್ಲಿ ಏಳು ಮಂದಿ ಕೆಳಗಿನ ಓಣಿಯ ಬಾವಿಯವರು. ಆರೋಗ್ಯವಂತ ಇಪ್ಪತ್ತರಲ್ಲಿ ನಾಲ್ಕೇ ಮಂದಿ. ಇಷ್ಟು ಅಂತರ ಬರೀ ಆಕಸ್ಮಿಕವೆಂದು ಅವಳಿಗೆ ಅನಿಸಲಿಲ್ಲ. ಹಾಗೆಂದು ತನ್ನ ಪಟ್ಟಿಯನ್ನೂ ಪೂರ್ತಿ ನಂಬದೆ, ಬಾವಿಯ ನೀರನ್ನೂ ಅಂಗಡಿಯ ಐಸನ್ನೂ ಬಂಟ್ವಾಳಕ್ಕೆ ಪರೀಕ್ಷೆಗೆ ಕಳಿಸಿದಳು. ಐಸಿನಲ್ಲಿ ಏನೂ ಸಿಗಲಿಲ್ಲ, ಬಾವಿಯಲ್ಲಿ ಮಲದ ಅಂಶ ಸಿಕ್ಕಿತು. ಮಳೆಗೆ ಕಟ್ಟೆ ಬಿರುಕು ಬಿಟ್ಟು, ಪಕ್ಕದ ಶೌಚದ ಗುಂಡಿಯ ನೀರು ಇಳಿದಿತ್ತು. ಬಾವಿ ಮುಚ್ಚಿಸಿದ ಮೇಲೆ ಕೆಲವು ವಾರಗಳಲ್ಲಿ ಹೊಸ ಕಾಮಾಲೆ ನಿಂತಿತು. ಮಾಯಿಲಪ್ಪನ ಮಗಳೂ ಎದ್ದು ಶಾಲೆಗೆ ಹೋದಳು.

ರಹ್ಮತ್ ಒಂದು ಗ್ಲಾಸ್ ಲಿಂಬೆ ಶರಬತ್ತು ಮುಂದಿಟ್ಟು ಕೇಳಿದ: "ನನ್ನದು ತಪ್ಪಿಲ್ಲ ಅಂತ ಎಲ್ಲರಿಗೆ ಹೇಳಿ ಅಕ್ಕ."

"ತಪ್ಪು ಉಂಟು ಅನ್ನಲಿಕ್ಕೆ ಸಾಕ್ಷಿ ಸಿಗಲಿಲ್ಲ ಅಂತ ಹೇಳ್ತೇನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ."

ಅವನ ಮುಖ ಬಾಡಿತು. ಕುಸುಮಳಿಗೂ ಕಷ್ಟವೆನಿಸಿತು. ಆದರೆ ಬಾವಿಯ ನೀರೇ ಮುಟ್ಟದ ಆ ಎಂಟನೆಯ ರೋಗಿಗೆ ಕಾಯಿಲೆ ಎಲ್ಲಿಂದ ಬಂತೆಂದು ಕೇಳಲು ಅವಳು ಆ ಮನೆಗೆ ಇನ್ನೊಮ್ಮೆ ಹೋಗಬೇಕಿತ್ತು.